ಥ್ರಿಫ್ಟ್ ಅಂಗಡಿ ಚೆಸ್ಟಿನ ಅಡಿಯಲ್ಲಿ ಸಣ್ಣ ಸಣ್ಣ ತೂತಿವೆ, ತಗೊಳ್ಲಾ ಬಿಡ್ಲಾ?

ಪ್ರಶ್ನೆ: ಸರ್, ನಾವು ಈಗಷ್ಟೇ ಬಾಡಿಗೆ ಮನೆಗೆ ಶಿಫ್ಟ್ ಆಗಿದೀವಿ, ಮನೆ ಪೂರ್ತಿ ಖಾಲಿ. ಹೊಸ ಫರ್ನಿಚರ್ ರೇಟ್ ನೋಡಿ ಸುಸ್ತಾಗಿ ಹಳೇ ಸಾಮಾನು ಮಾರೋ ಥ್ರಿಫ್ಟ್ ಅಂಗಡಿಗೆ ಹೋದೆ, ಮೂರು ಸಾಮಾನು ಮನಸಿಗೆ ಬಂತು. ಒಂದು, ನಾಲ್ಕು ಡ್ರಾಯರಿನ ಚೆಸ್ಟ್. ಅಂಗಡಿಯವರು "ಗಟ್ಟಿ ಸಾಗುವಾನಿ, ನೂರು ವರ್ಷ ಹಳೇದು" ಅಂತಾರೆ, ಆದ್ರೆ ಕೆಳಗಿನ ಡ್ರಾಯರ್ ಎಳೆದು ನೋಡಿದ್ರೆ ಅಡಿಯಲ್ಲಿ ಹತ್ತಿಪ್ಪತ್ತು ಸಣ್ಣ ತೂತು. ಕೇಳಿದ್ದಕ್ಕೆ "ಹಳೇ ಹುಳ ಮೇಡಂ, ಯಾವತ್ತೋ ಸತ್ತೋಗಿದೆ" ಅಂದ್ರು. ಹಿಂದುಗಡೆ ಪ್ಲೈವುಡ್, ಅದಕ್ಕೆ ಪ್ಲಸ್ ಸ್ಕ್ರೂ ಹಾಕಿದಾರೆ. ಎರಡನೇದು ಹಸಿರು ವೆಲ್ವೆಟ್ ಸೋಫಾ, ನೋಡೋಕೆ ಸೂಪರ್, ಕೂತ್ರೆ ಮಧ್ಯ ತಗ್ಗು, ಸ್ವಲ್ಪ ಮುಗ್ಗಲು ವಾಸನೆ. ಮೂರನೇದು ಪೇಂಟ್ ಹೊಡೆದಿರೋ ನಾಲ್ಕು ಮರದ ಕುರ್ಚಿ, ಅದ್ರಲ್ಲಿ ಒಂದು ಅಲ್ಲಾಡತ್ತೆ. ನಮ್ಮನೆಯವರದ್ದು "ಬೇರೆಯವರ ಮನೆ ತಿಗಣೆ ನಮಗ್ಯಾಕೆ" ಅಂತ ಒಂದೇ ಹಠ. ಎರಡು ವರ್ಷದ ಮಗು ಬೇರೆ ಇದೆ. ಏನ್ ಮಾಡ್ಲಿ?

ಉತ್ತರ: ಮೇಡಂ, ನೀವು ಡ್ರಾಯರ್ ಎಳೆದು ಅಡಿ ನೋಡಿದ್ರಲ್ಲ, ಅರ್ಧ ಕೆಲಸ ಅಲ್ಲೇ ಮುಗೀತು. ಹಳೇ ಮರದ ಸಾಮಾನು ರಿಪೇರಿ, ಪಾಲಿಶ್ ಮಾಡೋದೇ ನನ್ನ ಹೊಟ್ಟೆಪಾಡು, ನನ್ನ ಹತ್ರ ಬರೋ ಜನರಲ್ಲಿ ಹೆಚ್ಚಿನವರು ಮೇಲಿನ ಹೊಳಪು ನೋಡಿ ದುಡ್ಡು ಕೊಟ್ಟು ಮನೆಗೆ ತಂದಮೇಲೇ ಅಡಿ ನೋಡ್ತಾರೆ. ಉತ್ತರ ಮೊದಲೇ ಹೇಳಿಬಿಡ್ತೀನಿ: ಚೆಸ್ಟ್ ತಗೋಬಹುದು, ಕೆಲವು ಪರೀಕ್ಷೆ ಆದ್ಮೇಲೆ. ಸೋಫಾ ಬಿಟ್ಬಿಡಿ. ಕುರ್ಚಿ ಹೇಗೆ ಅಲ್ಲಾಡತ್ತೆ, ಪೇಂಟ್ ಯಾವ ಕಾಲದ್ದು ಅನ್ನೋದರ ಮೇಲೆ ನಿಂತಿದೆ. ಸೆಕೆಂಡ್ ಹ್ಯಾಂಡಲ್ಲಿ ಎಲ್ಲದರಲ್ಲೂ ಏನಾದ್ರೂ ಒಂದು ದೋಷ ಇದ್ದೇ ಇರತ್ತೆ, ಅದನ್ನ ಸರಿಮಾಡೋಕೆ ಆಗತ್ತಾ ಇಲ್ವಾ ಅನ್ನೋದಷ್ಟೇ ಲೆಕ್ಕ.

ನಿಮ್ಮನೆಯವರ ತಿಗಣೆ ಭಯದಿಂದ ಶುರು ಮಾಡೋಣ, ಯಾಕಂದ್ರೆ ಅದು ಸುಮ್ನೆ ಹಠ ಅಲ್ಲ. ತಿಗಣೆ ಕೊಳಕು ಮನೇಲಿ ಮಾತ್ರ ಇರತ್ತೆ ಅನ್ನೋದು ಸುಳ್ಳು, ಅದಕ್ಕೆ ಬೇಕಿರೋದು ಮನುಷ್ಯನ ರಕ್ತ, ಮನೆ ಎಷ್ಟು ಫಳಫಳ ಅಂತಿದ್ರೂ ಅದಕ್ಕೇನಂತೆ. ಹಾಗೇ ತಿಗಣೆ ಕಣ್ಣಿಗೆ ಕಾಣಲ್ಲ ಅನ್ನೋದೂ ಸುಳ್ಳು. ಬೆಳೆದ ತಿಗಣೆ ಸುಮಾರು 5 ಮಿಲಿಮೀಟರ್ ಇರತ್ತೆ, ಚಪ್ಪಟೆ, ಕಂದು ಬಣ್ಣ, ಟಾರ್ಚ್ ಹಿಡಿದ್ರೆ ಚೆನ್ನಾಗೇ ಕಾಣತ್ತೆ, ಮೊಟ್ಟೆ ಮಾತ್ರ 1 ಮಿಲಿಮೀಟರ್ ಅಷ್ಟೇ, ಬಿಳಿ, ಅದನ್ನ ಹುಡುಕೋದು ಕಷ್ಟ. ಸುಲಭವಾಗಿ ಸಿಗೋದು ಅದರ ಗುರುತು, ಅಂದ್ರೆ ಹೊಲಿಗೆ ಸಾಲಲ್ಲಿ ಪೆನ್ನಿನ ತುದಿ ಒತ್ತಿದ ಹಾಗೆ ಕಪ್ಪು ಚುಕ್ಕೆ, ಒದ್ದೆ ಬಟ್ಟೇಲಿ ಒರೆಸಿದ್ರೆ ಕಂದು ಕಪ್ಪಾಗಿ ಹರಡತ್ತೆ, ಜೊತೆಗೆ ಒಣಗಿದ ಸಿಪ್ಪೆ. ಹಳೇ ಎಟಿಎಂ ಕಾರ್ಡ್ ಒಂದನ್ನ ಸೋಫಾ ಹೊಲಿಗೆ ಒಳಗೆ ತೂರಿಸಿ ಉದ್ದಕ್ಕೂ ಎಳೀರಿ, ಒಳಗಿದ್ದಿದ್ದು ಹೊರಗೆ ಬರತ್ತೆ. ಸೋಫಾ ಮಗುಚಿ ಅಡಿಗೆ ಹೊಡೆದಿರೋ ತೆಳ್ಳನೆ ಕಪ್ಪು ಬಟ್ಟೆ ನೋಡಿ, ಅದರ ಸ್ಟೇಪಲ್ ಪಿನ್ನುಗಳ ಅಕ್ಕಪಕ್ಕ ತಿಗಣೆಗೆ ಭಾರಿ ಇಷ್ಟದ ಜಾಗ. ಮರದ ಸಾಮಾನಲ್ಲಾದ್ರೆ ಸ್ಕ್ರೂ ತೂತು, ಡ್ರಾಯರ್ ಜಾರೋ ಪಟ್ಟಿ ಹಿಂದೆ, ಜಾಯಿಂಟಿನ ಸಂದಿ. ಮಂಚ ಆದ್ರೆ ತಲೆ ಕಡೆ ಹಲಗೆ ಹಿಂದೆ ತಪ್ಪದೇ ನೋಡಬೇಕು.

ಸಿಕ್ಕಿದ್ರೆ ಏನ್ ಮಾಡೋದು ಅಂದ್ರೆ, ಅಂಗಡೀಲೇ ಬಿಟ್ಟು ಬರೋದು, ಅಷ್ಟೇ. ಬಿಸಿಲಿಗಿಟ್ರೆ ಸಾಯತ್ತೆ ಅಂತಾರಲ್ಲ, ಬಿಸಿಲಿಗೆ ಮೇಲ್ಮೈ ಕಾಯತ್ತೆ, ತಿಗಣೆ ನೆರಳಿರೋ ಒಳಸಂದಿಗೆ ಸರಿದುಕೊಳ್ಳತ್ತೆ, ನಿಮ್ಮ ಮರ ಸೀಳೋದೊಂದೇ ಲಾಭ. ಸಾಮಾನಿನ ಒಳಗಿನವರೆಗೂ 50 ಡಿಗ್ರಿ ಹತ್ರ ಬಿಸಿ ಮುಟ್ಟಿ ಅಲ್ಲೇ ಒಂದೆರಡು ಗಂಟೆ ನಿಂತ್ರೆ ಮಾತ್ರ ಮೊಟ್ಟೆ ಸಮೇತ ಸಾಯೋದು, ಅದು ಹೀಟ್ ಟ್ರೀಟ್ಮೆಂಟ್ ಮಾಡೋರ ಮೆಷೀನಿನ ಕೆಲಸ. ಪ್ಲಾಸ್ಟಿಕ್ ಸುತ್ತಿ ಒಂದು ತಿಂಗಳು ಉಪವಾಸ ಹಾಕ್ತೀನಿ ಅಂದ್ರೂ ಪ್ರಯೋಜನ ಇಲ್ಲ, ಊಟ ಇಲ್ಲದೇ ತಿಂಗಳುಗಟ್ಟಲೆ ಬದುಕೋ ಪ್ರಾಣಿ ಅದು. ಕುಶನ್ ಕವರ್, ಕರ್ಟನ್ ಥರದ್ದಾದ್ರೆ ಡ್ರೈಯರಲ್ಲಿ ಜೋರು ಬಿಸೀಲಿ ಅರ್ಧ ಗಂಟೆ ತಿರುಗಿಸಿದ್ರೆ ಸಾಕು. ಹಾಸಿಗೆ ಮಾತ್ರ ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ, ಎಷ್ಟೇ ಚೆನ್ನಾಗಿರಲಿ, ಯಾರೇ ಕೊಡಲಿ.

ಈಗ ಚೆಸ್ಟ್. ತೂತು ಇದೆ ಅಂದ್ರೆ ಒಂದು ಕಾಲದಲ್ಲಿ ಹುಳ ಇತ್ತು, ಅದು ಖಾತ್ರಿ. ಆ ತೂತು ಹುಳ ಒಳಗೆ ಹೋದ ದಾರಿ ಅಂತ ಎಲ್ಲರೂ ಅಂದ್ಕೋತಾರೆ, ಅಲ್ಲ, ಅದು ಹೊರಗೆ ಬಂದ ದಾರಿ. ಈ ಹುಳ ಬೆಳೆದು ಆಗೋ ಸಣ್ಣ ದುಂಬಿ (ಬೀಟಲ್) ಮರದ ಬಿರುಕಲ್ಲೋ ಸೂಕ್ಷ್ಮ ರಂಧ್ರದಲ್ಲೋ ಮೊಟ್ಟೆ ಇಡತ್ತೆ, ಮರಿ ಒಳಗೊಳಗೇ ಮರ ತಿಂದು ಬೆಳೀತಾ ಇರತ್ತೆ, ಜಾತಿ ಮೇಲೆ ಕೆಲವು ತಿಂಗಳಿಂದ ಹಿಡಿದು ಕೆಲವು ವರ್ಷದ ತನಕ, ಆಮೇಲೆ ರೆಕ್ಕೆ ಬಲಿತು 1-2 ಮಿಲಿಮೀಟರಿನ ಗುಂಡು ತೂತು ಕೊರೆದು ಹಾರಿ ಹೋಗತ್ತೆ. ಹಾಗಾಗಿ ಅಂಗಡಿಯವರು "ಹಳೇ ಹುಳ" ಅಂದಿದ್ದು ನಿಜಾನೂ ಇರಬಹುದು, ಅವರಿಗೇ ಗೊತ್ತಿಲ್ಲದೇನೂ ಇರಬಹುದು, ಅವರ ಮಾತಿಗಿಂತ ತೂತನ್ನೇ ಕೇಳೋದು ಒಳ್ಳೇದು. ಟಾರ್ಚ್ ಅಡ್ಡಡ್ಡ ಹಿಡಿದು ನೋಡಿ. ತೂತಿನ ಒಳಗೋಡೆ ಸುತ್ತಲಿನ ಮರದಷ್ಟೇ ಕಪ್ಪಾಗಿ ಧೂಳು ಕೂತಿದ್ರೆ ಹಳೇದು. ಒಳಗೆ ಹೊಸದಾಗಿ ಕೊಯ್ದ ಮರದ ತಿಳಿ ಬಣ್ಣ ಕಾಣ್ತಿದ್ರೆ, ಅಂಚು ಚೂಪಾಗಿದ್ರೆ, ಕೆಳಗೆ ಟಾಲ್ಕಂ ಪೌಡರ್ ಥರ ನುಣುಪಾದ ಪುಡಿ ಬಿದ್ದಿದ್ರೆ ಒಳಗೆ ಇನ್ನೂ ಯಾರೋ ಇದಾರೆ. ಇನ್ನೊಂದು ಗುರುತು ಪಾಲಿಶ್ ಇರೋ ಭಾಗದಲ್ಲಿ ಸಿಗತ್ತೆ, ಪಾಲಿಶ್ ತೂತಿನ ಒಳಗೂ ಇಳಿದಿದ್ರೆ ತೂತು ಪಾಲಿಶಿಗಿಂತ ಹಳೇದು, ತೂತು ಪಾಲಿಶನ್ನ ಒಡೆದುಕೊಂಡು ಬಂದಿದ್ರೆ ಹುಳ ಆಮೇಲಿನದ್ದು.

ಆದ್ರೆ ಪುಡಿ ಒಂದನ್ನೇ ನಂಬ್ಕೊಂಡು ತೀರ್ಮಾನ ಮಾಡ್ಬೇಡಿ. ಸಾಮಾನು ಎತ್ತಿ ಇಳಿಸಿದ್ರೆ ಹಳೇ ತೂತಿಂದಾನೂ ಹಳೇ ಪುಡಿ ಉದುರತ್ತೆ. ನಾನು ಮಾಡೋದು ಹೀಗೆ: ಮೊದಲು ವ್ಯಾಕ್ಯೂಮಲ್ಲಿ ಪೂರ್ತಿ ಪುಡಿ ಎಳೆದು ತೆಗೀತೀನಿ, ತೂತಿಗೆಲ್ಲ ಮೇಣ ತುಂಬ್ತೀನಿ, ಅಡಿಗೆ ಕಪ್ಪು ಕಾಗದ ಹಾಸಿ ಬೇರೆ ಮರದ ಸಾಮಾನಿಂದ ದೂರ ಇಡ್ತೀನಿ. ಹೊಸ ತೂತು ಬಂದ್ರೆ ಮೇಣ ಇಲ್ಲದ ತೂತಾಗಿ ಎದ್ದು ಕಾಣತ್ತೆ, ಹೊಸ ಪುಡಿ ಬಿದ್ರೆ ಕಪ್ಪು ಕಾಗದದ ಮೇಲೆ ಬೆಳ್ಳಗೆ ಕಾಣತ್ತೆ. ಚಳಿಗಾಲದಲ್ಲಿ ಏನೂ ಕಾಣ್ಲಿಲ್ಲ ಅಂತ ಖುಷಿಪಡೋ ಹಾಗಿಲ್ಲ, ದುಂಬಿ ಹೊರಗೆ ಬರೋದು ಹೆಚ್ಚಾಗಿ ಬೆಚ್ಚಗಿನ ಕಾಲದಲ್ಲಿ, ಅದಕ್ಕೆ ಒಂದು ಬೇಸಿಗೆ ಕಳೆಯೋ ತನಕ ಕಣ್ಣಿಟ್ಟಿರಿ.

ಅನುಮಾನ ಉಳಿದ್ರೆ ಮದ್ದು ಇದೆ. ಬೋರೇಟ್ ಅಂತ ಬೋರಾನಿನ ಲವಣ, ನೀರಲ್ಲಿ ಕರಗಿಸಿ ಬ್ರಶ್ಶಲ್ಲಿ ಹಚ್ಚೋದು. ಪಾಲಿಶ್ ಅಥವಾ ಪೇಂಟ್ ಇರೋ ಮರಕ್ಕೆ ಹಚ್ಚಿದ್ರೆ ಅದು ಒಳಗೆ ಇಳಿಯಲ್ಲ, ದುಡ್ಡು ದಂಡ. ನಿಮ್ಮ ಅದೃಷ್ಟಕ್ಕೆ ತೂತಿರೋದು ಡ್ರಾಯರಿನ ಅಡಿಯಲ್ಲಿ, ಅಲ್ಲಿ ಯಾರೂ ಪಾಲಿಶ್ ಹಾಕಿರಲ್ಲ, ಬರೀ ಮರ. ಗ್ಲವ್ಸ್ ಹಾಕ್ಕೊಂಡು ಹಚ್ಚಿ, ಚೆನ್ನಾಗಿ ಒಣಗಿಸಿ, ಮೇಲೊಂದು ಕೋಟ್ ವಾರ್ನಿಶ್ ಎಳೆದುಬಿಡಿ, ಮಗು ಕೈಗೆ ಸಿಗಬಾರದು. ಸೀಮೆಎಣ್ಣೆ ಸುರಿಯೋ ಐಡಿಯಾ ಯಾರಾದ್ರೂ ಕೊಟ್ರೆ ಕೇಳ್ಬೇಡಿ, ಒಳಗಿನ ಮರಿಗೆ ಮುಟ್ಟತ್ತೆ ಅನ್ನೋ ಗ್ಯಾರಂಟಿ ಇಲ್ಲ, ವಾಸನೆ ಹೋಗಲ್ಲ, ಬೆಂಕಿ ಭಯ ಬೇರೆ. ಫೋಟೋ ಫ್ರೇಮ್, ಮರದ ಬಟ್ಟಲು ಥರದ ಸಣ್ಣ ಸಾಮಾನಾದ್ರೆ ಗಾಳಿ ಆಡದ ಹಾಗೆ ಪ್ಲಾಸ್ಟಿಕ್ಕಲ್ಲಿ ಸುತ್ತಿ ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಲ್ಲಿ ಎರಡು ವಾರ ಇಟ್ರೂ ಆಗತ್ತೆ.

ಗೆದ್ದಲು ಇದಕ್ಕಿಂತ ಬೇರೆ ಕಥೆ. ಕಾಲಿನ ಹತ್ರ ಮಣ್ಣಿನ ಗೆರೆ ಇದ್ರೆ, ಬೆರಳಲ್ಲಿ ತಟ್ಟಿದಾಗ ಟೊಳ್ಳು ಸದ್ದು ಬಂದ್ರೆ, ಸ್ಕ್ರೂ ಡ್ರೈವರ್ ತುದಿ ಒತ್ತಿದ್ರೆ ಒಳಗೆ ಇಳಿದುಹೋದ್ರೆ ಚರ್ಚೆ ಬೇಡ, ಬಿಟ್ಬಿಡಿ.

ಇನ್ನು "ಗಟ್ಟಿ ಸಾಗುವಾನಿ, ನೂರು ವರ್ಷ". ಸಾಗುವಾನಿಗೆ ಹುಳ ಹಿಡಿಯಲ್ಲ ಅಂತ ಜನ ಕಣ್ಣು ಮುಚ್ಕೊಂಡು ನಂಬ್ತಾರೆ. ಅದು ಚೇಗಿಗೆ ಮಾತ್ರ ಅನ್ವಯ, ಮರದ ನಡುವಿನ ಕಂದು ಭಾಗಕ್ಕೆ. ಹೊರಗಿನ ಬೆಳ್ಳಗಿನ ಭಾಗಕ್ಕೆ ಆ ಶಕ್ತಿ ಇಲ್ಲ, ಅಲ್ಲಿ ಹುಳಕ್ಕೆ ಊಟ ಇದೆ. ಹಳೇ ಕೆಲಸದಲ್ಲೂ ಮುಂದೆ ಕಾಣೋ ಕಡೆ ಒಳ್ಳೇ ಮರ ಹಾಕಿ ಡ್ರಾಯರಿನ ಅಡಿ, ಹಿಂಬದಿಗೆ ಅಗ್ಗದ ಮರ ಹಾಕೋದು ಸಾಮಾನ್ಯ, ಅದನ್ನ ಮೋಸ ಅನ್ನೋಕಾಗಲ್ಲ, ಆಗಿನ ಪದ್ಧತಿಯೇ ಹಾಗಿತ್ತು. ನಿಮ್ಮ ಡ್ರಾಯರಿಗೂ ಹಾಗೇ ಆಗಿರತ್ತೆ ಅಂತ ನನ್ನ ಊಹೆ.

ವಯಸ್ಸಿನ ವಿಷಯಕ್ಕೆ ಬಂದ್ರೆ, ಪ್ಲಸ್ ಸ್ಕ್ರೂ ಮಾರ್ಕೆಟ್ಟಿಗೆ ಬಂದಿದ್ದೇ 1930ರ ದಶಕದಲ್ಲಿ, ಅದೂ ಮೊದಲು ಕಾರ್ ಫ್ಯಾಕ್ಟರಿಗಳಿಗೆ, ಆಮೇಲೆ ನಿಧಾನಕ್ಕೆ ಬಡಗಿಗಳ ಕೈಗೆ. ಹಿಡಿಕೆಗೆ ಪ್ಲಸ್ ಸ್ಕ್ರೂ ಇದ್ರೆ ಯಾರೋ ಆಮೇಲೆ ಬದಲಾಯಿಸಿರಬಹುದು ಅನ್ಬಹುದಿತ್ತು, ಹಿಂದಿನ ಪ್ಲೈವುಡ್ ಹಲಗೇನೇ ಆ ಸ್ಕ್ರೂ ಮೇಲೆ ನಿಂತಿದ್ರೆ, ಹಳೇ ಮೊಳೆಗಳ ತೂತೂ ಪಕ್ಕದಲ್ಲಿ ಕಾಣದಿದ್ರೆ, ಅದು ನೂರು ವರ್ಷದ್ದಲ್ಲ. ಆ್ಯಂಟಿಕ್ ಅನ್ನೋಕೆ ಸಾಮಾನ್ಯವಾಗಿ ನೂರು ವರ್ಷ ದಾಟಿರಬೇಕು ಅಂತಾರೆ, ಅದಕ್ಕೇ ಎಲ್ಲ ಅಂಗಡೀಲೂ ಎಲ್ಲ ಸಾಮಾನಿಗೂ ಸರಿಯಾಗಿ ನೂರೇ ವರ್ಷ! ಆದ್ರೆ ನಿಮಗೆ ಬೇಕಿರೋದು ಬಟ್ಟೆ ಇಡೋಕೆ ಜಾಗ. ಐವತ್ತು ವರ್ಷದ್ದಾದ್ರೂ ಚೆಸ್ಟಿಗೆ ಏನೂ ಕಡಿಮೆ ಆಗಲ್ಲ, ನೂರು ವರ್ಷದ ಹೆಸರಲ್ಲಿ ಸೇರಿಸಿರೋ ರೇಟನ್ನ ಮಾತ್ರ ಕೊಡ್ಬೇಡಿ. ಆ ಸ್ಕ್ರೂ ತೋರಿಸಿ ಮಾತಾಡಿ, ಜಗಳ ಏನೂ ಬೇಡ, ತೋರಿಸಿದ್ರೆ ಸಾಕು.

ಗಟ್ಟಿ ಮರವಾ ಅಂತ ನೋಡೋಕೆ ಮೇಲಿನ ಹಲಗೆಯ ಅಂಚು ನೋಡಿ. ಮೇಲ್ಮೈ ಮೇಲೆ ಓಡ್ತಿರೋ ಗೆರೆಗಳು ಅಂಚಿಗೆ ಬಂದು ಹಾಗೇ ಕೆಳಗೆ ತಿರುಗಿದ್ರೆ, ಅಡ್ಡ ಕೊಯ್ದ ಕಡೆ ಸಣ್ಣ ಸಣ್ಣ ರಂಧ್ರ ಕಂಡ್ರೆ ಇಡೀ ಮರ. ಮೇಲೊಂದು ಗೆರೆ, ಅಂಚಲ್ಲಿ ಸಂಬಂಧವೇ ಇಲ್ಲದ ಇನ್ನೊಂದು ಗೆರೆ, ನಡುವೆ ತೆಳು ಜೋಡಣೆ ಕಂಡ್ರೆ ವೆನೀರ್, ಅಂದ್ರೆ ಬೇರೆ ಹಲಗೆ ಮೇಲೆ ಅಂಟಿಸಿದ ತೆಳು ಮರದ ಹಾಳೆ. ವೆನೀರ್ ಅಂದ ತಕ್ಷಣ ಮೂಗು ಮುರೀಬೇಡಿ, ಹಳೇ ಕಾಲದ ಎಷ್ಟೋ ದುಬಾರಿ ಕಪಾಟುಗಳು ವೆನೀರಿನವೇ, ಅದರ ಕೆಳಗೆ ಏನಿದೆ ಅನ್ನೋದು ಮುಖ್ಯ. ಕೆಳಗೆ ಪಾರ್ಟಿಕಲ್ ಬೋರ್ಡ್ (ಮರದ ಚೂರಿಗೆ ಅಂಟು ಸೇರಿಸಿ ಒತ್ತಿದ ಹಲಗೆ) ಇದ್ದು ಒಂದ್ಸಲ ನೀರು ಕುಡಿದು ಊದಿದ್ರೆ ಅದು ಅವಲಕ್ಕಿ ನೆನೆದ ಹಾಗೆ, ಒಣಗಿದ್ರೂ ಮೊದಲಿನ ಸೈಜಿಗೆ ಬರಲ್ಲ, ಸ್ಕ್ರೂನೂ ಹಿಡಿಯಲ್ಲ. ಊದದೇ ಇರೋ ಪಾರ್ಟಿಕಲ್ ಬೋರ್ಡ್ ಕಪಾಟು ಅಗ್ಗಕ್ಕೆ ಸಿಕ್ರೆ ನಾನು ಬೇಡ ಅನ್ನಲ್ಲ, ಹೊಸ ಬೋರ್ಡಿನ ಅಂಟಿಂದ ಬರೋ ಫಾರ್ಮಾಲ್ಡಿಹೈಡ್ ಅನ್ನೋ ಕೆಟ್ಟ ಅನಿಲದ ವಾಸನೆ ವರ್ಷಗಳಾಗ್ತಾ ಕಮ್ಮಿಯಾಗಿರತ್ತೆ, ಅದೊಂದು ಲಾಭಾನೇ, ಆದ್ರೆ ಬಿಚ್ಚಿ ಜೋಡಿಸೋದು ಅದಕ್ಕೆ ಆಗಿಬರಲ್ಲ, ಹೇಗಿದೆಯೋ ಹಾಗೇ ಎತ್ಕೊಂಡು ಬನ್ನಿ.

ಡ್ರಾಯರ್ ಪೂರ್ತಿ ಹೊರಗೆಳೆದು ಮೂಲೆ ನೋಡಿ. ಎರಡು ಹಲಗೆ ಪಾರಿವಾಳದ ಬಾಲದ ಆಕಾರದಲ್ಲಿ ಒಂದರೊಳಗೊಂದು ಸಿಕ್ಕಿಸ್ಕೊಂಡಿದ್ರೆ ಡವ್‌ಟೇಲ್ ಜಾಯಿಂಟ್, ಎಳೆದಷ್ಟೂ ಬಿಗಿ ಆಗೋ ಅಂಥದ್ದು. ಆ ಬಾಲಗಳು ಒಂದು ದಪ್ಪ ಒಂದು ಸಣ್ಣ ಇದ್ರೆ ಕೈಕೆಲಸ, ಎಲ್ಲ ಒಂದೇ ಅಳತೆ ಇದ್ರೆ ಮೆಷೀನ್, ಎರಡೂ ಒಳ್ಳೇದೇ. ಬರೀ ಸ್ಟೇಪಲ್ ಪಿನ್ ಇದ್ರೆ ಕೆಲವೇ ದಿನದಲ್ಲಿ ಮುಂಭಾಗ ಕೈಗೆ ಬರತ್ತೆ. ಡ್ರಾಯರ್ ಬಿಗಿಯಾಗಿ ಜಾರ್ತಿದ್ರೆ ಅದಕ್ಕೆ ಹೆದರಬೇಡಿ, ಒಂದು ಮೇಣದ ಬತ್ತಿ ತಗೊಂಡು ಜಾರೋ ಪಟ್ಟಿಗೆ ತಿಕ್ಕಿ.

ಮೇಲ್ಗಡೆ ಲೋಟದ ಕಲೆ ಇದ್ರೆ ಬಣ್ಣ ನೋಡಿ. ಬಿಳಿ ಉಂಗುರ ಅಂದ್ರೆ ತೇವ ಪಾಲಿಶ್ ಪದರದಲ್ಲೇ ಸಿಕ್ಕಿದೆ, ಸುಲಭಕ್ಕೆ ಹೋಗತ್ತೆ. ಕಪ್ಪು ಉಂಗುರ ಅಂದ್ರೆ ನೀರು ಮರಕ್ಕೇ ಇಳಿದು ಕಬ್ಬಿಣದ ಅಂಶ ಮರದಲ್ಲಿರೋ ಟ್ಯಾನಿನ್ ಅನ್ನೋ ಒಗರು ಅಂಶದ ಜೊತೆ ಸೇರಿ ಕಪ್ಪಾಗಿದೆ, ಅದಕ್ಕೆ ಪಾಲಿಶ್ ಪೂರ್ತಿ ತೆಗೆದು ಆಕ್ಸಾಲಿಕ್ ಆ್ಯಸಿಡ್ ಹಾಕಬೇಕು, ಮನೇಲಿ ಮಗು ಇಟ್ಕೊಂಡು ನೀವೇ ಮಾಡೋ ಕೆಲಸ ಅಲ್ಲ, ಆ ಖರ್ಚನ್ನ ರೇಟಲ್ಲಿ ಕಳೆಯಿರಿ.

ಮತ್ತೆ ಇದು ಮರೀಬೇಡಿ: ಚೆಸ್ಟ್ ಮನೆಗೆ ಬಂದ ದಿನವೇ ಗೋಡೆಗೆ ಕ್ಲಾಂಪೋ ಬೆಲ್ಟೋ ಹಾಕಿ ಬಿಗೀಬೇಕು. ಎರಡು ವರ್ಷದ ಮಗು ಡ್ರಾಯರ್ ಎಳೆದು ಮೆಟ್ಟಿಲು ಥರ ಹತ್ತತ್ತೆ, ಇಡೀ ಚೆಸ್ಟ್ ಮುಂದಕ್ಕೆ ಬೀಳತ್ತೆ, ಮಕ್ಕಳು ಜೀವ ಕಳ್ಕೊಂಡಿರೋ ಘಟನೆಗಳಿವೆ. ಗೋಡೆಗೆ ತೂತು ಮಾಡೋಕೆ ಓನರ್ ಹತ್ರ ಮೊದಲೇ ಕೇಳಿಟ್ಕೊಳ್ಳಿ, ಒಪ್ಪದಿದ್ರೆ ಎತ್ತರದ ಚೆಸ್ಟ್ ಬೇಡ.

ಕುರ್ಚಿ. ಅಲ್ಲಾಡೋ ಕುರ್ಚಿ ಅಂದ್ರೆ ಹಾಳು ಅಂತಲ್ಲ. ಮರ ತೇವಕ್ಕೆ ಹಿಗ್ಗತ್ತೆ, ಒಣಹವೆಗೆ ಕುಗ್ಗತ್ತೆ, ವರ್ಷಗಟ್ಟಲೆ ಹೀಗಾಗಿ ಜಾಯಿಂಟಿನ ಅಂಟು ಬಿಟ್ಕೊಳ್ಳತ್ತೆ, ಅಷ್ಟೇ. ಬೆನ್ನು ಹಲಗೆ ಒಂದು ಕೈಯಲ್ಲಿ, ಸೀಟು ಇನ್ನೊಂದು ಕೈಯಲ್ಲಿ ಹಿಡಿದು ತಿರುಚಿ ನೋಡಿ. ಜಾಯಿಂಟ್ ಕೂದಲೆಳೆಯಷ್ಟು ಬಾಯಿ ಬಿಟ್ಟು ಮುಚ್ಚಿದ್ರೆ ಒಳ್ಳೇ ಸುದ್ದಿ, ಬಿಚ್ಚಿ ಹಳೇ ಅಂಟು ಪೂರ್ತಿ ಕೆರೆದು ಹೊಸ ಅಂಟು ಹಾಕಿ ಒಂದು ದಿನ ಕ್ಲಾಂಪ್ ಬಿಗಿದ್ರೆ ಮುಗೀತು, ಕ್ಲಾಂಪ್ ಇಲ್ಲ ಅಂದ್ರೆ ಹಗ್ಗ ಸುತ್ತಿ ಕೋಲು ತಿರುಗಿಸಿ ಬಿಗಿದ್ರೂ ನಡಿಯತ್ತೆ. ಹಳೇ ಅಂಟಿನ ಮೇಲೇ ಫೆವಿಕಾಲ್ ಸುರಿಯೋದು ಮಾತ್ರ ವೇಸ್ಟ್, ಒಣಗಿದ ಅಂಟಿನ ಮೇಲೆ ಅದು ಸರಿಯಾಗಿ ಹಿಡಿಯಲ್ಲ. ಕಾಲಿನ ಮರವೇ ಸೀಳಿದ್ರೆ, ಅಥವಾ ಯಾರೋ ಪುಣ್ಯಾತ್ಮರು ಜಾಯಿಂಟಿಗೆ ಮೊಳೆ ಹೊಡೆದಿದ್ರೆ ಬೇಡ. ಮೊಳೆ ಹೊಡೆದ ಕುರ್ಚಿ ರಿಪೇರಿಗೆ ಬಂದ್ರೆ ನನಗೂ ಬೇಜಾರು, ಮೊಳೆ ಕೀಳುವಾಗ ಉಳಿದಿರೋ ಮರಾನೂ ಹೋಗತ್ತೆ.

ನನಗೆ ಕುರ್ಚಿಯಲ್ಲಿ ಅಲ್ಲಾಟಕ್ಕಿಂತ ಚಿಂತೆ ಅದರ ಪೇಂಟು. ಹಳೇ ಪೇಂಟುಗಳಲ್ಲಿ ಸೀಸ ಇರ್ತಿತ್ತು, ಒಂದೊಂದು ದೇಶ ಒಂದೊಂದು ಕಾಲದಲ್ಲಿ ಅದನ್ನ ನಿಲ್ಲಿಸ್ತು, ಹಾಗಾಗಿ ಸೆಕೆಂಡ್ ಹ್ಯಾಂಡ್ ಕುರ್ಚಿ ಮೇಲಿನ ಪೇಂಟಲ್ಲಿ ಏನಿದೆ ಅಂತ ನೋಡಿ ಹೇಳೋಕಾಗಲ್ಲ. ಚಿಕ್ಕ ಮಕ್ಕಳ ಮೆದುಳಿಗೆ ಸೀಸ ತುಂಬಾ ಕೆಟ್ಟದ್ದು, ನಿಮ್ಮ ಮಗುವಿನ ವಯಸ್ಸಿನವರು ಕುರ್ಚಿ ಅಂಚು ಕಚ್ತಾರೆ, ಉದುರಿದ ಚೂರು ಬಾಯಿಗೆ ಹಾಕ್ತಾರೆ. ಹೋಗ್ಲಿ ಪೇಂಟ್ ಉಜ್ಜಿ ತೆಗೆದುಬಿಡ್ತೀನಿ ಅಂತ ಉಪ್ಪುಕಾಗದ ತಗೊಂಡು ಕೂತ್ರೆ ಅದಕ್ಕಿಂತ ಅಪಾಯ, ಆ ಧೂಳು ಮನೆಯೆಲ್ಲ ಕೂರತ್ತೆ. ಪೇಂಟ್ ಗಟ್ಟಿಯಾಗಿದ್ದು ಎಲ್ಲೂ ಏಳದಿದ್ರೆ, ಮನೇಲಿ ಬರೀ ದೊಡ್ಡವರಿದ್ರೆ, ಮೇಲೊಂದು ಹೊಸ ಕೋಟ್ ಹೊಡೆದು ಬಳಸಿ ಅಂತಿದ್ದೆ. ನಿಮ್ಮ ಮನೆಗೆ, ಪೇಂಟ್ ಹೊಸದು ಅನ್ನೋದು ಗೊತ್ತಿಲ್ಲದೇ ಇದ್ರೆ, ಪಾಲಿಶ್ ಇರೋ ಬೇರೆ ಕುರ್ಚಿ ಹುಡುಕಿ. ಕುರ್ಚಿಗಳಿಗೇನು ಬರ ಇಲ್ಲ, ಥ್ರಿಫ್ಟ್ ಅಂಗಡಿಗಳಿಗೆ ಹೆಚ್ಚಾಗಿ ಬರೋ ಸಾಮಾನುಗಳಲ್ಲಿ ಅದೂ ಒಂದು. ಹಾಗೇ ಹಳೇ ಮಗು ತೊಟ್ಟಿಲು ಮಂಚ ಕಂಡ್ರೂ, ಪಕ್ಕದ ಕಟಕಟೆ ಮೇಲೆ ಕೆಳಗೆ ಜಾರೋ ಥರದ್ದಾದ್ರೆ ಮುಟ್ಬೇಡಿ.

ಸೋಫಾ ಯಾಕೆ ಬೇಡ ಅಂದೆ ಅಂದ್ರೆ ಮೂರೂ ಸೇರ್ಕೊಂಡಿದೆ. ಮಧ್ಯ ತಗ್ಗು ಅಂದ್ರೆ ಫೋಮ್ ಸತ್ತಿದೆ ಅಥವಾ ಸ್ಪ್ರಿಂಗ್ ಹಿಡಿದಿರೋ ಪಟ್ಟಿ ಕಿತ್ತಿದೆ. ಮುಗ್ಗಲು ವಾಸನೆ ಅಂದ್ರೆ ಒಳಗೆ ತೇವ ಕೂತು ಬೂಷ್ಟು ಬಂದಿದೆ, ಮೇಲೆ ಎಷ್ಟು ಸೆಂಟ್ ಹೊಡೆದ್ರೂ ಒಳಗಿನ ಫೋಮಿಂದ ವಾಸನೆ ಬರ್ತಾನೇ ಇರತ್ತೆ. ಜೊತೆಗೆ ಬಟ್ಟೆ ಸೋಫಾ ಅಂದ್ರೆ ತಿಗಣೆ ಹುಡುಕೋಕೆ ಅತಿ ಕಷ್ಟದ ಸಾಮಾನು. ಪೂರ್ತಿ ಬಿಚ್ಚಿಸಿ ಹೊಸ ಫೋಮ್, ಹೊಸ ಬಟ್ಟೆ ಹಾಕಿಸಿದ್ರೆ ಎಷ್ಟೋ ಸಲ ಖರ್ಚು ಸೋಫಾ ರೇಟನ್ನೇ ಮೀರತ್ತೆ. ಅಷ್ಟಾದ್ರೂ ಸರಿ ಅಂತ ಮನಸಿದ್ರೆ ಒಂದು ಪರೀಕ್ಷೆ ಮಾಡಿ, ಮುಂದಿನ ಒಂದು ಮೂಲೆ ಗೇಣುದ್ದ ಎತ್ತಿ, ಪಕ್ಕದ ಮುಂಗಾಲೂ ಜೊತೆಗೇ ಎದ್ರೆ ಚೌಕಟ್ಟು ಗಟ್ಟಿ, ಅದು ನೆಲದಲ್ಲೇ ಕೂತು ಸೋಫಾ ತಿರುಚಿಕೊಂಡ್ರೆ ಮುಗೀತು ಅದರ ಕಥೆ. ಮರದ ಸಾಮಾನಿನ ಮುಗ್ಗಲು ಮಾತ್ರ ಬೇರೆ ಲೆಕ್ಕ, ಅದಕ್ಕೆ ದಾರಿ ಇದೆ: ಡ್ರಾಯರ್ ಎಲ್ಲ ತೆಗೆದು ಗಾಳಿಗೆ ನೆರಳಲ್ಲಿ ಬಿಡಿ, ಒಳಗೆ ಒರೆಸಿ ಒಣಗಿಸಿ, ಆಮೇಲೂ ವಾಸನೆ ಇದ್ರೆ ಒಳಮೈಗೆ ಅರಗಿನ ಪಾಲಿಶ್ ಒಂದು ಕೋಟ್ ಹಚ್ಚಿ, ಅದು ವಾಸನೇನ ಒಳಗೇ ಮುಚ್ಚಿಹಾಕತ್ತೆ.

ಅಲಂಕಾರದ ಸಾಮಾನು ನೀವು ಕೇಳಿಲ್ಲ, ಆದ್ರೂ ಹೇಗೂ ಕಣ್ಣು ಹೋಗತ್ತೆ. ಹಿತ್ತಾಳೆ ಅಂತ ಕೊಡೋದಕ್ಕೆ ಮ್ಯಾಗ್ನೆಟ್ ಹಿಡೀರಿ, ಅಂಟಿಕೊಂಡ್ರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ಕನ್ನಡಿ ಅಂಚಲ್ಲಿ ಕಪ್ಪು ಮಚ್ಚೆ ಇದ್ರೆ ಉಜ್ಜಿದ್ರೆ ಹೋಗಲ್ಲ, ಹಾಳಾಗಿರೋದು ಗಾಜಿನ ಹಿಂದಿನ ಬೆಳ್ಳಿ ಲೇಪ, ಫ್ರೇಮ್ ಚೆನ್ನಾಗಿದ್ರೆ ಫ್ರೇಮಿಗೋಸ್ಕರ ತಗೊಳ್ಳಿ. ಪಿಂಗಾಣಿ ಬೆರಳಲ್ಲಿ ತಟ್ಟಿ, ಠಣ್ ಅಂದ್ರೆ ಸರಿ, ಡಬ್ ಅಂದ್ರೆ ಎಲ್ಲೋ ಬಿರುಕಿದೆ, ಹಳೇ ಬಣ್ಣದ ಪಿಂಗಾಣಿ ನೋಡೋಕೆ ಇಟ್ಕೊಳ್ಳಿ, ಊಟಕ್ಕೆ ಬೇಡ, ಅದರ ಹೊಳಪಲ್ಲೂ ಸೀಸ ಇರಬಹುದು. ಹಳೇ ಟೇಬಲ್ ಲ್ಯಾಂಪ್ ತಗೊಂಡ್ರೆ ವೈರು, ಪ್ಲಗ್ಗು ಎರಡೂ ಹೊಸದು ಹಾಕಿಸಿದ ಮೇಲೇ ಸ್ವಿಚ್ ಒತ್ತಬೇಕು.

ಇನ್ನು ಅಂಗಡಿಗೆ ಮತ್ತೆ ಹೋಗ್ತೀರಲ್ಲ, ಟೇಪು, ಟಾರ್ಚು, ಮ್ಯಾಗ್ನೆಟ್ಟು, ಆ ಎಟಿಎಂ ಕಾರ್ಡು ಬ್ಯಾಗಲ್ಲಿರಲಿ. ಮನೆ ಬಾಗಿಲಿನ ಅಗಲ, ಮೆಟ್ಟಿಲು ತಿರುಗೋ ಜಾಗ, ಲಿಫ್ಟಿನ ಆಳ ಫೋನಲ್ಲಿ ಬರೆದಿಟ್ಕೊಳ್ಳಿ, ಬಾಗಿಲಲ್ಲಿ ಸಿಕ್ಕಿ ವಾಪಸ್ ಹೋದ ಸಾಮಾನುಗಳನ್ನ ಬೇಕಾದಷ್ಟು ನೋಡಿದೀನಿ, ಹೆಚ್ಚಿನ ಅಂಗಡಿಯವರು ವಾಪಸ್ ತಗೊಳ್ಳೋದೂ ಇಲ್ಲ. ಹೊಸ ಮಾಲು ಯಾವ ದಿನ ಇಳಿಯತ್ತೆ ಅಂತ ಅಲ್ಲಿ ಕೆಲಸ ಮಾಡೋರನ್ನ ಕೇಳಿ, ಹೇಳ್ತಾರೆ, ಆ ದಿನ ಬೆಳಿಗ್ಗೆ ಹೋದ್ರೆ ವ್ಯಾಪಾರಿಗಳು ಎತ್ಕೊಂಡು ಹೋಗೋ ಮುಂಚೆ ನಿಮಗೆ ಸಿಗತ್ತೆ. ರೇಟ್ ಮಾತಾಡೋ ಮುಂಚೆ ಸಾಗಣೆ ಖರ್ಚು, ರಿಪೇರಿ ಖರ್ಚು ಎರಡನ್ನೂ ಕೂಡಿಸಿ ನೋಡಿ. ಚೆಸ್ಟ್ ಮಗುಚಿ ನೋಡ್ತೀನಿ ಅಂದಾಗ ಅಂಗಡಿಯವರು ಬೇಡ ಅಂದ್ರೆ ಅಲ್ಲಿಂದ ಹೊರಟುಬಿಡಿ.

ಸೋಫಾ ಬದಲಿಗೆ ಏನು ಅಂತ ಕೇಳ್ತೀರಿ ಅಂತ ಗೊತ್ತು. ಮರದ ಚೌಕಟ್ಟು ಹೊರಗೆ ಕಾಣೋ, ಮೇಲೆ ಬಿಡಿ ಬಿಡಿ ಕುಶನ್ ಇಡೋ ಥರದ್ದು ಹುಡುಕಿ. ಹಳೇ ಕುಶನ್ ಅಂಗಡೀಲೇ ಬಿಟ್ಟು ಬನ್ನಿ, ಚೌಕಟ್ಟು ಮಾತ್ರ ತಂದು ಸಂದಿ ಸಂದಿ ಟಾರ್ಚ್ ಹಾಕಿ ನೋಡಿ ಒರೆಸಿ, ಅಳತೆಗೆ ಹೊಸ ಫೋಮ್ ಕೊಯ್ಸಿ ನಿಮಗೆ ಬೇಕಾದ ಹಸಿರು ಬಟ್ಟೇನೇ ಹೊಲಿಸ್ಕೊಳ್ಳಿ. ಕವರ್ ಒಗೆಯೋಕೂ ಬರತ್ತೆ, ಎರಡು ವರ್ಷದ ಮಗು ಇರೋ ಮನೇಲಿ ಅದು ಬೇಕೇ ಬೇಕು.